ಮಾರ್ಫೋಸೋರ್ಸ್: ಅಳಿದುಹೋದ ವಾನರನ ಹಲ್ಲು ಗುರುತಿಸಲು ಎಷ್ಟು ನೆಚ್ಚಬಹುದು?

ಒಂದು ದವಡೆಯ ಚೂರು, ಅದರಲ್ಲಿ ಎರಡೋ ಮೂರೋ ಹಲ್ಲು. ಇಷ್ಟನ್ನೇ ಇಟ್ಟುಕೊಂಡು ಇದು ಯಾವ ಪ್ರಾಣಿ ಎಂದು ಹೇಳಬೇಕಾದವರಿಗೆ ಮೊದಲು ಬೇಕಾಗುವುದು ಪಕ್ಕದಲ್ಲಿಟ್ಟು ಹೋಲಿಸಲು ಇನ್ನಷ್ಟು ಹಲ್ಲುಗಳು. ಅವು ಜಗತ್ತಿನ ಹತ್ತಾರು ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ 2013ರಲ್ಲಿ ಶುರುವಾದ ಮಾರ್ಫೋಸೋರ್ಸ್ ಎಂಬ ಆನ್‌ಲೈನ್ ಭಂಡಾರ ತುಂಬಲು ನೋಡುವುದು ಈ ಕೊರತೆಯನ್ನೇ. ಮೂಳೆ, ಹಲ್ಲು, ಪಳೆಯುಳಿಕೆಗಳ ತ್ರೀಡಿ ಮೇಲ್ಮೈ ಮಾದರಿಗಳು, ಸಿಟಿ ಸ್ಕ್ಯಾನಿನ ಕಚ್ಚಾ ಪದರಗಳು ಅಲ್ಲಿವೆ. ಖಾತೆ ತೆರೆಯಲು ದುಡ್ಡಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿನ ತಲೆಯ ಮೇಲಿನ ಉಬ್ಬು, ಏಣು, ತೋಡುಗಳನ್ನು ಹೋಲಿಸಲು ಈ ಸೇವೆಗೆ ಹತ್ತಿರ ಬರುವಂಥದ್ದು ಬೇರೆ ಇಲ್ಲ. ಎನಾಮಲ್ ದಪ್ಪ ಅಳೆಯಲು ಕಚ್ಚಾ ಪದರಗಳಿದ್ದರೆ ಮಾತ್ರ ಉಪಯೋಗ. ಮುರಿದ ದವಡೆಯ ಪೂರ್ಣ ಆಕಾರ ಕಟ್ಟಲು ಹೊರಟವರು ಮಾತ್ರ ಬಹಳ ಎಚ್ಚರವಾಗಿರಬೇಕು. ಅಲ್ಲಿ ಸಾಫ್ಟ್‌ವೇರ್ ಕೊಡುವ ಸಲೀಸುತನವೇ ದಾರಿ ತಪ್ಪಿಸುತ್ತದೆ.

ಸೈಟ್ ತೆರೆಯುವ ಮುನ್ನ ಮೇಜಿನ ಮೇಲೆ ಮುಗಿಸಬೇಕಾದ ಕೆಲಸ

ಹುಡುಕು ಪೆಟ್ಟಿಗೆಯಲ್ಲಿ ಕುಲದ ಹೆಸರು ಹೊಡೆದು ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡು, ಯಾವುದು ಹೋಲುತ್ತದೆ ಎಂದು ನೋಡುವುದು ತಪ್ಪು ದಾರಿ. ಕೈಯಲ್ಲಿರುವ ಹಲ್ಲು ಬಾಯಿಯ ಯಾವ ಸ್ಥಾನದ್ದು ಎಂಬುದು ಖಚಿತವಾಗದೆ ಹೋಲಿಕೆ ಶುರುವಾಗುವುದೇ ಇಲ್ಲ. ಮೇಲಿನ ಎರಡನೇ ದವಡೆಹಲ್ಲನ್ನು ಕೆಳಗಿನ ಮೂರನೆಯದರ ಜೊತೆ ಹೋಲಿಸಿ ಬರೆದ ಪುಟಗಟ್ಟಲೆ ಟಿಪ್ಪಣಿಗೆ ಬೆಲೆಯಿಲ್ಲ.

ಬೇರುಗಳಿಂದ ಹಿಡಿಯಿರಿ. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು: ಕೆನ್ನೆಯ ಬದಿಗೆ ಎರಡು, ನಾಲಿಗೆಯ ಬದಿಗೆ ಒಂದು. ಕೆಳಗಿನದಕ್ಕೆ ಮುಂದೊಂದು ಹಿಂದೊಂದು, ಒಟ್ಟು ಎರಡು. ಬೇರು ಮುರಿದುಹೋಗಿದ್ದರೆ ತಲೆಯ ಆಕಾರ ನೋಡಿ. ಕೆಳಗಿನದು ಉದ್ದುದ್ದ, ಮೇಲಿನದು ಚೌಕಕ್ಕೆ ಹತ್ತಿರ ಅಥವಾ ಅಗಲವೇ ಹೆಚ್ಚು. ಮೇಲಿನ ಹಲ್ಲಿನಲ್ಲಿ ನಾಲಿಗೆಬದಿಯ ಮುಂದಿನ ಉಬ್ಬಾದ ಪ್ರೋಟೋಕೋನ್‌ನಿಂದ ಕೆನ್ನೆಬದಿಯ ಹಿಂದಿನ ಉಬ್ಬಾದ ಮೆಟಾಕೋನ್‌ಗೆ ಓರೆಯಾಗಿ ಹಾಯುವ ಏಣು ಕಂಡರೆ ಅನುಮಾನವೇ ಬೇಡ. ಆಮೇಲೆ ಅಕ್ಕಪಕ್ಕದ ಹಲ್ಲು ಉಜ್ಜಿ ಮೂಡಿದ ಚಪ್ಪಟೆ ಗುರುತುಗಳನ್ನು ಹುಡುಕಿ. ಮುಂದೆ ಮಾತ್ರ ಗುರುತಿದ್ದು ಹಿಂದೆ ಇಲ್ಲದಿದ್ದರೆ ಅದು ಬಹುಪಾಲು ಮೂರನೇ ದವಡೆಹಲ್ಲು, ಇಲ್ಲವೇ ಹಿಂದಿನ ಹಲ್ಲು ಇನ್ನೂ ಮೂಡಿರದ ಎಳೆಯ ಪ್ರಾಣಿಯದು.

ಎಡವೋ ಬಲವೋ ಎಂಬುದಕ್ಕೆ ಹೀಗೆ ಮಾಡಿ. ಕೆಳಗಿನ ಹಲ್ಲಿನ ತಲೆಯನ್ನು ಮೇಲೆ ಮಾಡಿ, ಮುಂಭಾಗ ನಿಮ್ಮಿಂದ ಆಚೆ ಇರುವಂತೆ ಹಿಡಿಯಿರಿ. ಕೆನ್ನೆಯ ಬದಿ ಇಳಿಜಾರಾಗಿರುತ್ತದೆ, ಅಲ್ಲಿನ ಉಬ್ಬುಗಳು ಮೊಂಡಾಗಿದ್ದು ಹೆಚ್ಚು ಸವೆದಿರುತ್ತವೆ. ನಾಲಿಗೆಯ ಬದಿ ನೆಟ್ಟಗಿದ್ದು ಉಬ್ಬುಗಳು ಎತ್ತರವಾಗಿ ಚೂಪಾಗಿರುತ್ತವೆ. ಇಳಿಜಾರು ನಿಮ್ಮ ಬಲಕ್ಕೆ ಬಂದರೆ ಅದು ಬಲದವಡೆಯ ಹಲ್ಲು. ಮೇಲಿನ ಹಲ್ಲನ್ನು ಹೀಗೇ ತಲೆ ಮೇಲಾಗಿ ಹಿಡಿದಾಗ ಲೆಕ್ಕ ತಿರುಗುಮುರುಗು: ಕೆನ್ನೆಯ ಬದಿ ಬಲಕ್ಕೆ ಬಂದರೆ ಎಡದ ಹಲ್ಲು. ಸವೆಯುವ ಕ್ರಮವೂ ಬೇರೆ. ಮೇಲಿನ ಸಾಲಿನಲ್ಲಿ ಹೆಚ್ಚು ಸವೆಯುವುದು ನಾಲಿಗೆಯ ಬದಿಯ ಉಬ್ಬುಗಳು.

ಹಾಲುಹಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಪಳಗಿದವರನ್ನೂ ಇದು ಎಡವಿಸುತ್ತದೆ. ಕೊನೆಯ ಹಾಲುಹಲ್ಲು ನೋಡಲು ಮೊದಲನೇ ಶಾಶ್ವತ ದವಡೆಹಲ್ಲಿನ ಚಿಕ್ಕ ಪ್ರತಿಯಂತಿರುತ್ತದೆ. ಎನಾಮಲ್ ತೆಳು, ತಲೆ ತಗ್ಗು, ಬೇರುಗಳು ಅಗಲಕ್ಕೆ ಚಾಚಿಕೊಂಡಿರುತ್ತವೆ. ಮುಂದೆ ಬರುವ ಶಾಶ್ವತ ಹಲ್ಲಿಗೆ ಅವುಗಳ ನಡುವೆ ಜಾಗ ಬೇಕಲ್ಲ. ಇದನ್ನು ಗಮನಿಸದೆ ಹೋದರೆ 'ತೆಳು ಎನಾಮಲಿನ ಚಿಕ್ಕ ಹೊಸ ಜಾತಿ' ಒಂದು ಕಾಗದದ ಮೇಲೆ ಹುಟ್ಟಿಬಿಡುತ್ತದೆ.

ದವಡೆಯ ಚೂರಿದ್ದರೆ ಹಲ್ಲು ಉದುರಿದ ಗೂಡುಗಳನ್ನೂ ಎಣಿಸಿ. ಆಫ್ರಿಕಾ, ಏಷ್ಯಾದ ಮಂಗ, ವಾನರ (ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿಯಂಥ ಬಾಲವಿಲ್ಲದ ಬಳಗ), ಮನುಷ್ಯರಿಗೆಲ್ಲ ಕಾಲುಭಾಗದ ಬಾಯಿಯಲ್ಲಿ 2 ಬಾಚಿಹಲ್ಲು, 1 ಕೋರೆ, 2 ಮುಂದವಡೆಹಲ್ಲು, 3 ದವಡೆಹಲ್ಲು. ಮುಂದವಡೆಹಲ್ಲು ಮೂರಿದ್ದರೆ ದಕ್ಷಿಣ ಅಮೆರಿಕದ ಮಂಗಗಳ ಕಡೆಗೋ ಲೀಮರ್, ಕಾಡುಪಾಪಗಳ ಕಡೆಗೋ ನೋಡಬೇಕು. ನಾಲ್ಕಿದ್ದರೆ ಬಹಳ ಹಳೆಯ ಅಡಾಪಿಡ್ (ಲೀಮರ್ ಹೋಲುವ ಅಳಿದ ಗುಂಪು) ಬಗೆಯ ಪ್ರಾಣಿ ಇರಬಹುದು. ಗದ್ದದಲ್ಲಿ ಕೆಳದವಡೆಯ ಎರಡು ಅರ್ಧಗಳು ಬೆಸೆದಿವೆಯೇ ಎಂಬುದೂ ಇಲ್ಲಿಯೇ ಗೊತ್ತಾಗಬೇಕು. ಮಂಗ, ವಾನರಗಳಲ್ಲಿ ಅದು ಬೆಸೆದಿರುತ್ತದೆ, ಲೀಮರ್ ಬಳಗದ ಹೆಚ್ಚಿನವುಗಳಲ್ಲಿ ಬಿಡಿಯಾಗಿರುತ್ತದೆ.

ಇಳಿಸಿಕೊಳ್ಳುವಾಗ

ಹುಡುಕಾಟ ಚೆನ್ನಾಗಿದೆ. ಜಾತಿ, ಮ್ಯೂಸಿಯಂ, ನಮೂನೆಯ ಸಂಖ್ಯೆ, ಫೈಲಿನ ಬಗೆ ಎಲ್ಲದರಿಂದಲೂ ಜರಡಿ ಹಿಡಿಯಬಹುದು. ಕೆಲವು ಫೈಲು ನೇರವಾಗಿ ಇಳಿಯುತ್ತವೆ. ಕೆಲವಕ್ಕೆ ಏನು ಕೆಲಸಕ್ಕೆ ಬೇಕೆಂದು ಬರೆದು ಮ್ಯೂಸಿಯಂನ ಒಪ್ಪಿಗೆ ಕೇಳಬೇಕು. ಆ ವಿವರಣೆಯನ್ನು ಒಂದೇ ಸಾಲಿಗೆ ಮುಗಿಸಬೇಡಿ. ಯಾವ ಹಲ್ಲು, ಯಾವ ಅಳತೆ, ಯಾವುದರ ಜೊತೆ ಹೋಲಿಕೆ ಎಂದು ಸ್ಪಷ್ಟವಾಗಿ ಬರೆದರೆ ಒಪ್ಪಿಗೆ ಕೊಡುವವರಿಗೂ ಸುಲಭ. ಇಳಿಸುವ ಮೊದಲು ಬ್ರೌಸರಿನಲ್ಲೇ ತಿರುಗಿಸಿ ನೋಡುವ ಸೌಲಭ್ಯವಿದೆ. ಹಲ್ಲು ಸವೆದು ಬಟಾಬಯಲಾಗಿದೆಯೋ ಉಬ್ಬುಗಳು ಉಳಿದಿವೆಯೋ ಎಂದು ಅಲ್ಲೇ ತಿಳಿಯುತ್ತದೆ. ದೊಡ್ಡ ಸಿಟಿ ಫೈಲುಗಳ ವಿಷಯದಲ್ಲಿ ಇದು ನಿಜಕ್ಕೂ ದೊಡ್ಡ ಉಪಕಾರ.

ಪ್ರತಿ ಫೈಲಿನ ವಿವರಪುಟದಲ್ಲಿ ಮೂರು ವಿಷಯ ನೋಡದೆ ಮುಂದೆ ಹೋಗಬಾರದು. ಸ್ಕ್ಯಾನ್ ಆಗಿರುವುದು ಮೂಲ ಪಳೆಯುಳಿಕೆಯೋ ಅದರ ಎರಕದ ಅಚ್ಚೋ? ವಾಕ್ಸೆಲ್ (ಸ್ಕ್ಯಾನಿನ ಅತಿ ಚಿಕ್ಕ ಘನ ಚುಕ್ಕಿ) ಗಾತ್ರ ಎಷ್ಟು? ಮೇಲ್ಮೈಯನ್ನು ಆಮೇಲೆ ನಯಗೊಳಿಸಿದ್ದಾರೋ? ಅಚ್ಚಿನ ಸ್ಕ್ಯಾನ್ ಎಂದಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ, ತಲೆಯ ಆಕಾರಕ್ಕೆ ಅದು ಸಾಕು. ಆದರೆ ಅಚ್ಚಿನ ಗಾಳಿಗುಳ್ಳೆಯೊಂದು ಪುಟ್ಟ ಉಬ್ಬಿನ ವೇಷದಲ್ಲಿ ಕೂತಿರಬಹುದು. ಒಳಗೆ ಡೆಂಟಿನ್ (ಎನಾಮಲಿನ ಕೆಳಗಿನ ಮೂಳೆಯಂಥ ಪದರ) ಇಲ್ಲವಾದ್ದರಿಂದ ಎನಾಮಲ್ ಅಳೆಯುವ ಮಾತೂ ಇಲ್ಲ.

ಇನ್ನೊಂದು, ಅಳತೆಯ ಮಾನ. ಎಸ್‌ಟಿಎಲ್, ಪಿಎಲ್‌ವೈ ಮಾದರಿಯ ಫೈಲುಗಳಲ್ಲಿ ಬರೇ ಅಂಕಿಗಳಿರುತ್ತವೆ, ಮಿಲಿಮೀಟರೋ ಮೈಕ್ರಾನೋ ಎಂದು ಫೈಲು ಹೇಳುವುದಿಲ್ಲ. ಮೆಶ್‌ಲ್ಯಾಬ್ ಎಂಬ ತ್ರೀಡಿ ಸಾಫ್ಟ್‌ವೇರಿನಲ್ಲಿ ತೆರೆದು ಹಲ್ಲಿನ ಉದ್ದ ಅಳೆದು, ಅದೇ ನಮೂನೆಯ ಪ್ರಕಟಿತ ಅಳತೆಯ ಜೊತೆ ತಾಳೆ ನೋಡಿ. ಪ್ರಕಟಿತ ಅಳತೆ ಕೈಗೆ ಸಿಗದಿದ್ದರೆ ಅಂದಾಜಾದರೂ ಇರಲಿ. ಕೆಳಗಿನ ಮೊದಲನೇ ದವಡೆಹಲ್ಲಿನ ಉದ್ದ ಗಿಬ್ಬನ್‌ಗೆ ಸುಮಾರು 6 ಮಿ.ಮೀ., ಮನುಷ್ಯನಿಗೆ 11ರ ಆಸುಪಾಸು, ಒರಾಂಗುಟಾನ್‌ಗೆ 13ರ ಆಸುಪಾಸು. ಗಿಬ್ಬನ್ ಹಲ್ಲು 11 ಎಂದು ತೋರಿಸಿದರೆ ಮಾನ ಕೆಟ್ಟಿದೆ ಎಂದೇ ಅರ್ಥ.

ಹಲ್ಲಿನ ತಲೆ: ಇಲ್ಲಿ ಪೂರ್ಣ ಅಂಕ

ಕೆಳಗಿನ ದವಡೆಹಲ್ಲನ್ನು ಪರದೆಯ ಮೇಲೆ ಹಿಗ್ಗಿಸಿ, ಬೆಳಕನ್ನು ಓರೆಯಾಗಿ ಬೀಳಿಸಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ಫೋಟೋದಲ್ಲಿ ಎಂದೂ ಕಾಣದ ಏಣುಗಳು ಎದ್ದು ಬರುತ್ತವೆ. ಎನಾಮಲಿನ ಬಣ್ಣ, ಹೊಳಪು, ಕಲೆಗಳು ಮೂಲ ನಮೂನೆಯಲ್ಲಿ ಕಣ್ಣಿಗೆ ಮೋಸ ಮಾಡುತ್ತವೆ. ಪುಟ್ಟ ತ್ರಿಕೋನಗಳಿಂದ ಕಟ್ಟಿದ ಬಣ್ಣವಿಲ್ಲದ ತ್ರೀಡಿ ಮೇಲ್ಮೈಯಲ್ಲಿ, ಅಂದರೆ ಮೆಶ್‌ನಲ್ಲಿ, ಆ ಕಾಟವಿಲ್ಲ.

ಮೊದಲ ಕವಲು: ಮಂಗವೋ ವಾನರವೋ. ಆಫ್ರಿಕಾ, ಏಷ್ಯಾದ ಮಂಗಗಳ ದವಡೆಹಲ್ಲಿನಲ್ಲಿ ನಾಲ್ಕು ಉಬ್ಬುಗಳು ಎರಡೆರಡಾಗಿ ಸೇರಿ ಅಡ್ಡಡ್ಡಲಾಗಿ ಎರಡು ದಿಬ್ಬ ಕಟ್ಟಿರುತ್ತವೆ. ವಾನರರ ಕೆಳಹಲ್ಲಿನಲ್ಲಿ ಐದು ಉಬ್ಬು, ನಡುವೆ ಇಂಗ್ಲಿಷಿನ ವೈ ಅಕ್ಷರದಂಥ ತೋಡು. ವೈ ತೋಳುಗಳು ಕೆನ್ನೆಯ ಬದಿಯ ಹೈಪೋಕೋನಿಡ್ ಉಬ್ಬನ್ನು ತಬ್ಬಿರುತ್ತವೆ, ಕಾಂಡ ನಾಲಿಗೆಯ ಕಡೆ ಹೋಗುತ್ತದೆ. ಈ ವಿನ್ಯಾಸದ ಮಹತ್ವವನ್ನು 1916ರಷ್ಟು ಹಿಂದೆಯೇ ವಿಲಿಯಂ ಕಿಂಗ್ ಗ್ರೆಗರಿ ಎತ್ತಿ ತೋರಿಸಿದ್ದರು. ಆದರೆ ಐದು ಉಬ್ಬು ಎಣಿಸಿದ ಕೂಡಲೇ ವಾನರ ಎನ್ನಬೇಡಿ. ಮಕಾಕ್, ಬಬೂನ್, ಲಂಗೂರ್‌ಗಳ ಕೆಳಗಿನ ಮೂರನೇ ದವಡೆಹಲ್ಲಿಗೂ ಹಿಂತುದಿಯಲ್ಲಿ ಐದನೆಯ ಉಬ್ಬಿರುತ್ತದೆ. ನೋಡಬೇಕಾದ್ದು ಅಡ್ಡದಿಬ್ಬ. ಅದಿದ್ದರೆ ಮಂಗ. ಕೀನ್ಯಾದ ಮಬೊಕೊ ದ್ವೀಪದ ಸುಮಾರು 1.5 ಕೋಟಿ ವರ್ಷ ಹಳೆಯ ವಿಕ್ಟೋರಿಯಾಪಿತೆಕಸ್‌ನಂಥ ಆರಂಭದ ಮಂಗಗಳಲ್ಲಿ ದಿಬ್ಬ ಇನ್ನೂ ಪೂರ್ತಿ ಕಟ್ಟಿಲ್ಲ, ಮೇಲಿನ ಹಲ್ಲಿನಲ್ಲಿ ಹಳೆಯ ಓರೆ ಏಣು ಉಳಿದಿದೆ. ಕವಲಿನ ಹತ್ತಿರ ನಿಂತ ಪ್ರಾಣಿಗಳಿಗೆ ಒಂದೇ ಲಕ್ಷಣದ ಮೇಲೆ ತೀರ್ಪು ಕೊಡಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ವಾನರರ ಒಳಗಿನ ವಿಂಗಡಣೆ ಸೂಕ್ಷ್ಮ. ಮೇಲಿನ ಹಲ್ಲಿನ ನಾಲಿಗೆಯ ಬದಿಗೆ ಅಗಲವಾದ ಪಟ್ಟಿಯಿದ್ದರೆ ಆಫ್ರಿಕಾದ ಪ್ರೊಕಾನ್ಸಲ್ ಬಳಗವನ್ನು ನೆನೆಯಬೇಕು. ಕೆಳಹಲ್ಲಿನ ಕೆನ್ನೆಬದಿಯ ಮುಂದಿನ ಎರಡು ಉಬ್ಬುಗಳ ನಡುವೆ ಪುಟ್ಟ ತ್ರಿಕೋನದ ಗುಳಿ ಇದ್ದರೆ ಪ್ಲಿಯೋಪಿತೆಕಸ್ ಬಳಗ. ಇಟಲಿಯ ಓರಿಯೋಪಿತೆಕಸ್‌ಗೆ ನಡುವೆ ಇನ್ನೊಂದು ಹೆಚ್ಚುವರಿ ಉಬ್ಬಿದೆ. ಅಂಚಿಗೆ ಸರಿದ ತಗ್ಗು ಉಬ್ಬುಗಳು, ನಡುವೆ ವಿಶಾಲ ಬಟ್ಟಲು ಕಂಡರೆ ಗಿಬ್ಬನ್ ಜಾಡು. ತೆಳು ಎನಾಮಲಿನ ಮೇಲೆ ಒತ್ತೊತ್ತಾದ ಸುಕ್ಕು ಈಗಿನ ಒರಾಂಗುಟಾನ್ ಲಕ್ಷಣವಲ್ಲ ಎಂದು ನೆನಪಿಡಿ. ಅದಕ್ಕೆ ಸುಕ್ಕೂ ಇದೆ, ಎನಾಮಲ್ ಮಾತ್ರ ಚಿಂಪಾಂಜಿಗಿಂತ ದಪ್ಪ.

ಒಂದೇ ಹಲ್ಲಿನಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಮ್ಮುವಿನ ರಾಮನಗರದ ಉದಾಹರಣೆ ಕಣ್ಮುಂದಿದೆ. 2015ರಲ್ಲಿ ಅಲ್ಲಿ ಸಿಕ್ಕ ಕೆಳಗಿನ ಮೂರನೇ ದವಡೆಹಲ್ಲೊಂದನ್ನು ಮೈಕ್ರೋ ಸಿಟಿ ಸ್ಕ್ಯಾನರಿನಲ್ಲಿಟ್ಟು, ಈಗಿನ ಹಾಗೂ ಅಳಿದ ವಾನರರ ಹಲ್ಲುಗಳ ಜೊತೆ ಹೋಲಿಸಿ, 2020ರಲ್ಲಿ ಕಪಿ ರಾಮನಗರೆನ್ಸಿಸ್ ಎಂದು ಹೆಸರಿಟ್ಟರು. ವಯಸ್ಸು ಸುಮಾರು 1.25ರಿಂದ 1.38 ಕೋಟಿ ವರ್ಷ. ಗಿಬ್ಬನ್ ಬಳಗದ ಅತಿ ಹಳೆಯ ಸಾಕ್ಷಿ ಎಂಬುದು ಆ ತಂಡದ ವಾದ. ಅಂಥ ವಾದ ನಿಲ್ಲುವುದೂ ಬೀಳುವುದೂ ಹೋಲಿಕೆಗಿಟ್ಟ ಹಲ್ಲುಗಳ ಸಂಖ್ಯೆ ಮತ್ತು ವೈವಿಧ್ಯದ ಮೇಲೆ. ಹಾಗಾಗಿಯೇ ಇಂಥ ಭಂಡಾರಕ್ಕೆ ಇಷ್ಟು ಬೆಲೆ.

ಅಂಕಿಯಲ್ಲಿ ಹೋಲಿಸುವವರಿಗೆ ಆರ್ ಎಂಬ ಕಂಪ್ಯೂಟರ್ ಭಾಷೆಯ ಮೊಲಾಆರ್ ಪ್ಯಾಕೇಜ್ ಇದೆ. ಹಲ್ಲಿನ ಏರಿಳಿತ, ವಕ್ರತೆ, ಸಂಕೀರ್ಣತೆಯನ್ನು ಲೆಕ್ಕ ಹಾಕುತ್ತದೆ. ಎಲ್ಲ ಮೆಶ್‌ಗಳನ್ನೂ ಮೊದಲು ಸುಮಾರು 10,000 ತ್ರಿಕೋನಗಳಿಗೆ ಇಳಿಸಿ, ಒಂದೇ ಪ್ರಮಾಣದಲ್ಲಿ ನಯಗೊಳಿಸಿ. ಒಂದು ಹಲ್ಲು 10,000, ಇನ್ನೊಂದು 2 ಲಕ್ಷ ತ್ರಿಕೋನದ್ದಾದರೆ ಕಾಣುವ ವ್ಯತ್ಯಾಸ ಪ್ರಾಣಿಯದಲ್ಲ, ಫೈಲಿನದು.

ಎನಾಮಲ್ ಮತ್ತು ಅಳತೆ

ಎನಾಮಲ್ ದಪ್ಪಕ್ಕೆ ಕಚ್ಚಾ ಪದರಗಳನ್ನೇ ಇಳಿಸಿಕೊಂಡು ತ್ರೀಡಿ ಸ್ಲೈಸರ್ ಎಂಬ ಸಾಫ್ಟ್‌ವೇರಿನಲ್ಲಿ ತೆರೆಯಿರಿ, ಅದೂ ಉಚಿತ. ಚಿಕ್ಕ ವಾನರನ ಹಲ್ಲಿಗೆ ವಾಕ್ಸೆಲ್ 0.03 ಮಿ.ಮೀ.ಗಿಂತ ದೊಡ್ಡದಿದ್ದರೆ ಅಂಚು ಮಸುಕಾಗುತ್ತದೆ. ಅರ್ಧ ಮಿ.ಮೀ. ಪದರದ ಆಸ್ಪತ್ರೆ ಸ್ಕ್ಯಾನ್ ಈ ಕೆಲಸಕ್ಕೆ ಬೇಡವೇ ಬೇಡ. ಅಡ್ಡಕೊಯ್ತ ಮುಂದಿನ ಎರಡು ಉಬ್ಬುಗಳ ಡೆಂಟಿನ್ ತುದಿಗಳ ಮೂಲಕವೇ ಹಾಯಬೇಕು. ಸ್ವಲ್ಪ ಓರೆಯಾದರೂ ಎನಾಮಲ್ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಎಂದೂ ತೆಳುವಾಗಿ ಕಾಣುವುದಿಲ್ಲ. ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುವುದರಿಂದ ಸರಾಸರಿ ತೆಗೆದರೂ ಸರಿಹೋಗದು. ಖನಿಜ ತುಂಬಿಕೊಂಡು ಗಟ್ಟಿಯಾದ ಪಳೆಯುಳಿಕೆಗಳಲ್ಲಿ ಡೆಂಟಿನ್ ಮತ್ತು ಎನಾಮಲ್ ಒಂದೇ ಬೂದು ಬಣ್ಣಕ್ಕೆ ಬರುವುದುಂಟು. ಆಗ ಯಾವ ಸಾಫ್ಟ್‌ವೇರೂ ಗಡಿ ಹುಡುಕಿಕೊಡದು.

ಉದ್ದ ಅಗಲ ಅಳೆಯುವಾಗ ಎರಡು ಕಡೆ ಎಡವುತ್ತಾರೆ. ಅಕ್ಕಪಕ್ಕದ ಹಲ್ಲು ಉಜ್ಜಿ ಉದ್ದ ಕಡಿಮೆಯಾಗಿರುತ್ತದೆ, ಅದಕ್ಕೆ ತಕ್ಕ ಅಂದಾಜು ಸೇರಿಸಿ, ಸೇರಿಸಿದ್ದನ್ನು ಬರೆದಿಡಬೇಕು. ಮಣ್ಣು ತುಂಬಿದ ಬಿರುಕುಗಳು ಹಲ್ಲನ್ನು ಹಿಗ್ಗಿಸಿರುತ್ತವೆ, ಅದನ್ನು ಕಳೆಯಬೇಕು. ಸ್ಕ್ಯಾನಿನ ಒಳಗೆ ಬಿರುಕು ಎಷ್ಟು ಅಗಲವಿದೆ ಎಂದು ನೇರ ಕಾಣುವುದರಿಂದ ಎರಡನೆಯ ಕೆಲಸದಲ್ಲಿ ಕ್ಯಾಲಿಪರಿಗಿಂತ ಇದು ಎಷ್ಟೋ ಮೇಲು.

ಗಾತ್ರದ ವ್ಯತ್ಯಾಸ ಕಂಡ ಕೂಡಲೇ ಎರಡು ಜಾತಿ ಎನ್ನುವ ಚಾಳಿಯೂ ಹಳೆಯದು. ಚೀನಾದ ಲುಫೆಂಗ್‌ನಲ್ಲಿ ಸಿಕ್ಕ ದೊಡ್ಡ, ಚಿಕ್ಕ ನಮೂನೆಗಳಿಗೆ ಮೊದಲು ಸಿವಪಿತೆಕಸ್, ರಾಮಾಪಿತೆಕಸ್ ಎಂದು ಎರಡು ಕುಲಗಳ ಹೆಸರಿತ್ತು. ಆಮೇಲೆ ಅವು ಒಂದೇ ಪ್ರಾಣಿಯ ಗಂಡು ಹೆಣ್ಣು ಎಂದು ತಿಳಿದು, 1987ರಲ್ಲಿ ಲುಫೆಂಗ್‌ಪಿತೆಕಸ್ ಎಂಬ ಒಂದೇ ಹೆಸರು ಬಂತು. ಗೊರಿಲ್ಲಾ, ಒರಾಂಗುಟಾನ್‌ಗಳ ಗಂಡು ಹೆಣ್ಣು ಎರಡನ್ನೂ ಸಾಕಷ್ಟು ಸಂಖ್ಯೆಯಲ್ಲಿ ಇಳಿಸಿಕೊಂಡು, ಅವುಗಳ ಹರವಿನ ಒಳಗೆ ನಿಮ್ಮ ನಮೂನೆಗಳು ಕೂರುತ್ತವೆಯೇ ನೋಡಿ. ಕೋರೆಹಲ್ಲು ಮತ್ತು ಅದನ್ನು ಮಸೆಯುವ ಕೆಳಗಿನ ಮೊದಲ ಮುಂದವಡೆಹಲ್ಲಿನಲ್ಲಿ ಗಂಡು ಹೆಣ್ಣಿನ ಅಂತರ ಹೆಚ್ಚು, ದವಡೆಹಲ್ಲಿನಲ್ಲಿ ಕಡಿಮೆ.

ದವಡೆ: ಕನ್ನಡಿ ಬಟನ್ನಿನ ಅಪಾಯ

ಅರ್ಧ ದವಡೆಯ ಮೆಶ್ ಇದ್ದರೆ ಅದನ್ನು ಕನ್ನಡಿಬಿಂಬವಾಗಿ ತಿರುಗಿಸಿ ಇನ್ನರ್ಧ ಮಾಡಿ ಜೋಡಿಸುವುದು ಎರಡು ನಿಮಿಷದ ಕೆಲಸ. ಪರದೆಯ ಮೇಲೆ ಪೂರ್ಣ ದವಡೆ ಸುಂದರವಾಗಿ ನಿಲ್ಲುತ್ತದೆ. ನಡುಗೆರೆ ಉಳಿದಿಲ್ಲದ ಚೂರಾದರೆ ಆ ಸೌಂದರ್ಯಕ್ಕೆ ಆಧಾರವಿಲ್ಲ. ಅರ್ಧವನ್ನು ಹತ್ತು ಡಿಗ್ರಿ ಒಳಗೋ ಹೊರಗೋ ತಿರುಗಿಸಿ ನೋಡಿ. ಒಂದರಲ್ಲಿ ಹಲ್ಲಿನ ಸಾಲು ಮನುಷ್ಯನಂತೆ ಬಿಲ್ಲಾಗಿ ಬಾಗುತ್ತದೆ, ಇನ್ನೊಂದರಲ್ಲಿ ವಾನರನಂತೆ ನೇರ ಸಾಲಾಗುತ್ತದೆ. ಎರಡೂ ಅಷ್ಟೇ ನಂಬುವಂತಿರುತ್ತವೆ.

ರಾಮಾಪಿತೆಕಸ್‌ನ ಕತೆ ನಡೆದದ್ದು ಇಲ್ಲಿಯೇ. ಶಿವಾಲಿಕ್ ಬೆಟ್ಟಗಳ ಹರಿತಲ್ಯಾಂಗರ್‌ನಲ್ಲಿ ಸಿಕ್ಕ ಮೇಲ್ದವಡೆಯ ಚೂರಿಗೆ ಜಿ. ಎಡ್ವರ್ಡ್ ಲೂಯಿಸ್ 1934ರಲ್ಲಿ ಆ ಹೆಸರಿಟ್ಟರು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್ಬೀಮ್ ಅದನ್ನು ಮನುಷ್ಯನ ಸಾಲಿಗೆ ಸೇರಿಸಿದರು. ಬಾಗಿದ ಹಲ್ಲಿನ ಸಾಲು ಆ ವಾದದ ಮುಖ್ಯ ಆಧಾರಗಳಲ್ಲೊಂದು. 1973ರಲ್ಲಿ ಅಲನ್ ವಾಕರ್, ಪೀಟರ್ ಆಂಡ್ರ್ಯೂಸ್ ಕೀನ್ಯಾದ ಫೋರ್ಟ್ ಟರ್ನನ್ ನಮೂನೆಗಳಿಂದ ದವಡೆಯನ್ನು ಮರುಜೋಡಿಸಿದಾಗ ಬಿಲ್ಲಿನಾಕಾರ ಬರಲಿಲ್ಲ. ಪಾಕಿಸ್ತಾನದ ಪೊಟ್ವಾರ್‌ನಲ್ಲಿ ಸಿಕ್ಕ ಸಿವಪಿತೆಕಸ್ ಮುಖವನ್ನು 1982ರಲ್ಲಿ ಪ್ರಕಟಿಸಿದವರು ಪಿಲ್ಬೀಮ್ ಅವರೇ. ಆ ಮುಖ ಒರಾಂಗುಟಾನನ್ನು ಹೋಲುತ್ತಿತ್ತು. ಎರಡೂ ಒಂದೇ ಕುಲ ಎಂದಾಗಿ ರಾಮಾಪಿತೆಕಸ್ ಎಂಬ ಹೆಸರು ಸಿವಪಿತೆಕಸ್‌ನೊಳಗೆ ಕರಗಿತು. ಅಂದು ಕೈಯಲ್ಲಿ ಪ್ಲಾಸ್ಟರ್ ಹಿಡಿದು ಮಾಡಿದ್ದನ್ನು ಇಂದು ಒಂದು ಬಟನ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಗದ್ದದ ಬೆಸುಗೆ ಇದ್ದರೆ ಮಾತ್ರ ಕನ್ನಡಿ ಬಳಸಿ. ಬೆಸುಗೆಯ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಮೂಳೆಯ ದಿಂಡು ಇರುತ್ತದೆ, ಅವುಗಳ ನಡುವಿನ ಗುಳಿಯ ತಳವನ್ನು ಹಿಡಿದು ನಡುಗೆರೆ ಗುರುತಿಸಿ. ಬೆಸುಗೆ ಇಲ್ಲದಿದ್ದರೆ ದವಡೆಯ ಎತ್ತರ, ದಪ್ಪವನ್ನು ಮೊದಲನೇ ದವಡೆಹಲ್ಲಿನ ಕೆಳಗೆ ಅಳೆದು ಅಲ್ಲಿಗೆ ನಿಲ್ಲಿಸಿ.

ಇಲ್ಲಿ ಸಿಗದಿರುವುದು

ಜಾತಿಗೆ ಹೆಸರು ಕೊಟ್ಟ ಮೂಲ ನಮೂನೆಗಳೆಲ್ಲ ಇಲ್ಲಿವೆ ಎಂದುಕೊಳ್ಳಬೇಡಿ. ಅವಕ್ಕೆ ಮ್ಯೂಸಿಯಂಗೆ ಬರೆಯುವುದು, ಅಚ್ಚು ತರಿಸುವುದು ತಪ್ಪದು. ಪೂರ್ವ ಆಫ್ರಿಕಾದ ನಮೂನೆಗಳನ್ನು ತಿರುಗಿಸಿ ನೋಡಲು ಆಫ್ರಿಕನ್‌ಫಾಸಿಲ್ಸ್ ಎಂಬ ತಾಣ ಕಲಿಯುವವರಿಗೆ ಹಿತವಾಗಿದೆ. ಕೈಯಲ್ಲಿ ಹಿಡಿದು ಉಗುರಿನಿಂದ ಏಣು ಸವರಿ ನೋಡುವ ಅನುಭವಕ್ಕೆ ರೆಸಿನ್ ಅಚ್ಚೇ ಬೇಕು, ಹೊಸದಾಗಿ ಕಲಿಯುವವರಿಗೆ ಈಗಲೂ ಅದನ್ನೇ ಮೊದಲು ಕೊಡಬೇಕು.

ಇನ್ನೊಂದು ಕೊರತೆ ಸೇವೆಯದಲ್ಲ, ಬಳಸುವವರದು. ಪ್ರೈಮೇಟ್ (ಲೀಮರ್, ಮಂಗ, ವಾನರ, ಮನುಷ್ಯರ ಗುಂಪು) ಫೈಲುಗಳನ್ನಷ್ಟೇ ಇಳಿಸಿಕೊಂಡರೆ ಕೈಯಲ್ಲಿರುವುದು ಯಾವುದೋ ಒಂದು ಪ್ರೈಮೇಟನ್ನು ಹೋಲಿಯೇ ಹೋಲುತ್ತದೆ. ನೆಬ್ರಾಸ್ಕದಲ್ಲಿ ಸಿಕ್ಕ ಸವೆದ ಹಲ್ಲೊಂದಕ್ಕೆ 1922ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಹೆಸ್ಪೆರೋಪಿತೆಕಸ್ ಎಂದು ಹೆಸರಿಟ್ಟು ಅಮೆರಿಕದ ವಾನರ ಎಂದರು. ಅದು ಹಂದಿಯ ದೂರದ ನೆಂಟನಾದ ಪೆಕರಿಯದು ಎಂದು 1927ರಲ್ಲಿ ಬರೆದವರು ವೈ ವಿನ್ಯಾಸದ ಅದೇ ಗ್ರೆಗರಿ. ಸವೆದ ಹಲ್ಲಾದರೆ ಹಂದಿ, ಪೆಕರಿ, ಕರಡಿಗಳ ಹಲ್ಲನ್ನೂ ಅದೇ ಸವೆತದ ಹಂತದಲ್ಲಿ ಹುಡುಕಿ ಪಕ್ಕದಲ್ಲಿಡಿ. ಭಂಡಾರದಲ್ಲಿ ಬೇರೆ ಸಸ್ತನಿಗಳ ಸ್ಕ್ಯಾನ್‌ಗಳೂ ಧಾರಾಳವಾಗಿವೆ.

ಇಳಿಸಿದ ಪ್ರತಿ ಫೈಲಿನ ಜೊತೆ ನಮೂನೆಯ ಸಂಖ್ಯೆ, ಮ್ಯೂಸಿಯಂ ಹೆಸರು, ಫೈಲಿನ ಶಾಶ್ವತ ಗುರುತು, ವಾಕ್ಸೆಲ್ ಗಾತ್ರ, ಮೂಲವೋ ಅಚ್ಚೋ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಫೈಲಿನ ಹೆಸರು ಬದಲಿಸಬೇಡಿ. ಎಡದ ಹಲ್ಲನ್ನು ಬಲವಾಗಿ ತಿರುಗಿಸಿಕೊಂಡಿದ್ದರೆ ಅದನ್ನೂ ಅಲ್ಲೇ ನಮೂದಿಸಿ. ಆರು ತಿಂಗಳ ನಂತರ ಮೆಶ್ ನೋಡಿ ಅದನ್ನು ಕಂಡುಹಿಡಿಯಲು ಯಾರಿಂದಲೂ ಆಗದು.